ಪುಡಿ ಮುಟ್ಟಿತು

ನವೆಂಬರ್ ಒಂದರ ಹಿಂದಿನ ರಾತ್ರಿ
ನಮ್ಮ ಮನೆಯಲ್ಲಿ ಯಾರೂ ಬೇಗ ಮಲಗುತ್ತಿರಲಿಲ್ಲ.
ಹಿತ್ತಾಳೆ ಪರಾತದಲ್ಲಿ ತುಪ್ಪ, ಪಿಠಿಸಕ್ಕರೆ.
ಅಂಗೈಯಿಂದ ತಿಕ್ಕಬೇಕು, ಒಂದೇ ದಿಕ್ಕಿಗೆ,
ಹಳದಿ ಹೋಗಿ ಬೆಳ್ಳಗಾಗಿ
ಒಂದು ಚೂರು ನೀರಿಗೆ ಬಿಟ್ಟರೆ ತೇಲುವ ತನಕ.
"ರಟ್ಟಿ ನೋಯ್ತಾವು ಆಯಿ" ಅಂದರೆ
"ನೋಯ್ಲಿ. ರಾಜ್ಯ ಏನ ಪುಕ್ಕಟ ಕೂಡೇತೇನ?"

ಬೆಳಗಿನ ಐದಕ್ಕೆ ಬೆಟಗೇರಿಯ ಓಣಿ ದಾಟಿ
ತಲೆಯ ಮೇಲೆ ತಗಡಿನ ಟ್ರೇ ಹೊತ್ತು ನಾನು.
ಮಗ್ಗಗಳು ಇನ್ನೂ ಎದ್ದಿಲ್ಲ,
ಹಜರೇಸಾಬರ ಭಟ್ಟಿ ಎದ್ದಿದೆ.
ಜಾಲಿ ಕಟ್ಟಿಗೆಯ ಕೆಂಡ ಗೋಡೆಗೆ ಸರಿದು ಕೂತಿದೆ.
ದೀಪಾವಳಿ ಹಿಂದೋ ಮುಂದೋ ಇರುವ ದಿನ,
ಊರ ಹಿಟ್ಟೆಲ್ಲ ಅಲ್ಲಿ ಪಾಳಿ ಹಚ್ಚಿದೆ.
ಟ್ರೇ ಅಂಚಿಗೆ ಸೀಮೆಸುಣ್ಣದ ಹೆಸರು:
ಗಾರವಾಡ, ಬಾಕಳೆ, ಮುಲ್ಲಾ, ಟೀಚರಬಾಯಿ.
ಅದಲುಬದಲಾದರೆ ವರ್ಷವಿಡೀ ಮಾತಿಲ್ಲ.

ನಮ್ಮದಕ್ಕೆ ಹೆಸರು ಬರೆಯುತ್ತಿರಲಿಲ್ಲ.
ಉಳಿದವರ ಖಟಾಯಿಯ ನೆತ್ತಿಗೆ
ಚಾಕುವಿನ ಗೆರೆ, ಅಡ್ಡ ಒಂದು, ಉದ್ದ ಒಂದು.
ನಮ್ಮವಕ್ಕೆ ಬರೀ ಹೆಬ್ಬೆರಳ ಕುಳಿ.
"ನಿಂಬವ್ವನವು" ಅಂತ ಗುರುತು ಹಿಡಿದು
ಸಾಬರು ಉದ್ದನೆಯ ಹುಟ್ಟಿನಿಂದ ಒಳಗೆ ತಳ್ಳುವರು.

ಐವತ್ತಾರರಲ್ಲಿ ಆಯಿಗೆ ಇಪ್ಪತ್ತೆರಡು.
ಅಜ್ಜ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವ;
ಬೆರಳ ಮಸಿ ತೊಳೆಯದೆ ಓಡಿಬಂದು ಹೇಳಿದನಂತೆ,
"ನಿಂಬೂ, ನಾಳಿಂದ ನಾವು ಮುಂಬಯಿ ರಾಜ್ಯದವರಲ್ಲ."
"ಮನಿ ಖಾಲಿ ಮಾಡಬೇಕೇನ?" ಕೇಳಿದಳಂತೆ ಇವಳು.
ನಕ್ಕೂ ನಕ್ಕೂ ಸಾಕಾಗಿ
ಎರಡು ಸೇರು ಮೈದಾ ಉದ್ರಿ ತಂದ,
ಓಣಿಗೆಲ್ಲ ಹಂಚೋಣ ಅಂತ.

ಕಲಸುವಾಗ ಆಕೆಯ ಕೈ ನಿಂತಿತು.
"ಹಂಗಾರ ಕಾಶಿ?
ಸೊಲ್ಲಾಪುರದ ನಮ್ಮ ಕಾಶಿ ಯಾವ ಕಡಿ?"
ಕಾಶವ್ವ ಅಕ್ಕ. ಗಿರಣಿಯವನಿಗೆ ಕೊಟ್ಟಿತ್ತು,
ಎರಡು ಹೆಣ್ಣುಮಕ್ಕಳ ತಾಯಿ.
ಅಜ್ಜ ಪರಾತದೊಳಗಿನ ಹಿಟ್ಟು ತಟ್ಟಿ ಸಪಾಟು ಮಾಡಿ
ಇದು ಬೀದರ, ಇದು ಬಿಜಾಪುರ, ಇದು ನಾವು ಅಂತ ತೋರಿಸಿ
ಮಸಿಯ ಉಗುರಿನಿಂದ ಒಂದು ಗೆರೆ ಎಳೆದ.
ಆಚೆ ಉಳಿದದ್ದನ್ನು ಹೆಸರಿಟ್ಟು ಹೇಳಲಿಲ್ಲ.

ಆಯಿ ಆ ಗೆರೆಯ ಮೇಲೆ ಹೆಬ್ಬೆಟ್ಟು ಒತ್ತಿದಳು.
ಹಿಟ್ಟು ಕೂಡಿಕೊಂಡಿತು.
ಹಿಟ್ಟಿಗೇನು, ಕೂಡುತ್ತದೆ.

ಆಮೇಲೆ ಓಣಿಯೆಲ್ಲ ಕುಣಿಯಿತು, ಆಯಿಯೂ ಕುಣಿದಳು,
ಅದನ್ನೂ ಹೇಳಬೇಕು.
ಸುಳ್ಳು ಸಂತೋಷ ಅಲ್ಲ ಅದು;
ಸೆರಗಿಗೆ ಹತ್ತಿದ ಗುಲಾಲು ಮೂರು ಒಗೆತಕ್ಕೂ ಹೋಗಲಿಲ್ಲವಂತೆ.
ಮರುದಿನ ಹಳೇ ಧೋತರದ ತುಂಡಿನಲ್ಲಿ
ಹನ್ನೆರಡು ಖಟಾಯಿ ಹೊಲಿದು ಅಂಚೆಗೆ ಹಾಕಿದಳು.
ಹತ್ತು ದಿನಕ್ಕೆ ಕಾರ್ಡು ಬಂತು:
"ಪುಡಿ ಮುಟ್ಟಿತು. ಚಮಚದಿಂದ ತಿಂದೆವು."

ಪ್ರತಿ ವರ್ಷ ಅದೇ ಕಾರ್ಡು, ಅದೇ ಎರಡು ಸಾಲು.
ತಗಡಿನ ಡಬ್ಬಿಯಲ್ಲಿ ಕಳಿಸಿದರೂ ಪುಡಿ,
ಹತ್ತಿಯಲ್ಲಿ ಸುತ್ತಿದರೂ ಪುಡಿ.
ಒಂದು ಸಲ ಮಾತ್ರ ಇಡಿಯಾಗಿ ಮುಟ್ಟಿ
ಕಾಶವ್ವ ತಾನೇ ಕುಟ್ಟಿಕೊಂಡಳು ಅಂತ ಕೇಳಿದ್ದೇನೆ.

ಈಗ ಇಬ್ಬರೂ ಇಲ್ಲ.
ಭಟ್ಟಿಯಿದ್ದ ಜಾಗದಲ್ಲಿ ಕರೆಂಟಿನ ಓವನ್ನು,
ಹಜರೇಸಾಬರ ಮೊಮ್ಮಗ ಮೊಬೈಲಿನಲ್ಲಿ ಟೈಮ್ ಇಡುತ್ತಾನೆ.
ಖಟಾಯಿಗೆ ಹೊಗೆಯ ವಾಸನೆ ಇಲ್ಲ. ಬೇಯುವುದು ಮಾತ್ರ ಚೆನ್ನಾಗಿಯೇ ಬೇಯುತ್ತದೆ.
ನನ್ನ ಹೆಬ್ಬೆರಳು ಆಯಿಯದಕ್ಕಿಂತ ದಪ್ಪ,
ಕುಳಿ ಆಳವಾಗಿ ಅಂಚು ಬಿರಿಯುತ್ತದೆ.

ಕಾಶವ್ವನ ಮರಿಮಗಳು ಮಂಜಿರಿ
ಸೊಲ್ಲಾಪುರದಿಂದ ಫೋನು ಮಾಡುತ್ತಾಳೆ, ಎಲ್ಲ ಮರಾಠಿ.
ನಾನು ತಿಳಿದಷ್ಟಕ್ಕೆ ಹೂಂ ಅನ್ನುತ್ತೇನೆ.
ಕನ್ನಡ ಅವಳಿಗೆ ಎರಡೇ ಶಬ್ದ, ಹಬ್ಬದ ವಾರಕ್ಕೊಮ್ಮೆ,
ಒತ್ತು ತಪ್ಪಿಸಿ, ಮಂತ್ರದ ಹಾಗೆ:
"ಪುಡಿ ಮುಟಿತು."

ಎರಡನೇ ತಾರೀಖು, ಸ್ಟೇಶನ್ ರೋಡು.
ಹಳದಿ ಕೆಂಪು ಬಾವುಟಗಳು ಕಂಬದಲ್ಲಿ ಇನ್ನೂ ಇವೆ.
ಕೊರಿಯರ್ ಹುಡುಗ ಡಬ್ಬಿ ಅಲ್ಲಾಡಿಸಿ ಕೇಳಿದ,
"ಒಡಿಯೂದೇನರ ಐತೇನ್ರಿ ಒಳಗ?"
"ಐತಿ. ಒಡೀಲಿ ಬಿಡಪಾ."
ಅವನು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ.